ಕರೇ ಕಂಬಳ್ಯಾಂವ ಬರುವ ತನಕ

ಜುಲೈ ಆರು, ಭಾನುವಾರ, ಬೆಳಿಗ್ಗೆ ಆರು ಗಂಟೆ ಐವತ್ತು ನಿಮಿಷ. ಮುಂಡರಗಿಯ ನಮ್ಮ ಬಾಡಿಗೆ ಕೋಣೆಯಿಂದ ಲಕ್ಷ್ಮೇಶ್ವರದ ಗೆಳೆಯ ಊರಿಗೆ ಹೊರಟಿದ್ದ. ಚೀಲ ಹೆಗಲಿಗೇರಿಸಿ, "ಹೋಗ್ತೇನಲೇ" ಎಂದು ಹೊಸ್ತಿಲು ದಾಟಿದ. ಹಲ್ಲುಜ್ಜುತ್ತಿದ್ದ ನಾನು ಬ್ರಷ್ ಬಾಯಲ್ಲಿಟ್ಟುಕೊಂಡೇ ಓಡಿಹೋಗಿ ಚೀಲ ಹಿಡಿದೆಳೆದೆ.

"ಬರ್ತೇನಿ ಅನ್ನು."

"ನಿಮ್ಮ ಆಯಿ ಸೇರ್ಯಾಳೇನಲೇ ನಿನ್ನ ಮೈಯಾಗ? ಬಸ್ ತಪ್ತೈತಿ, ಬಿಡ."

ಕೊನೆಗೆ "ಬರ್ತೇನಿ" ಎಂದೇ ಹೋದ. ಈ ವರ್ಷ ಅವನನ್ನು ಹೀಗೆ ತಿರುಗಿ ಕರೆದದ್ದು ಇದು ಒಂಬತ್ತನೇ ಸಲ. ಡೈರಿಯಲ್ಲಿ ಗೆರೆ ಎಳೆಯಲು ಕೂತವನು ಇದನ್ನು ಬರೆಯತೊಡಗಿದ್ದೇನೆ.

ಆಯಿ ಎಂದರೆ ನನ್ನ ಅಪ್ಪನ ಅವ್ವ. ಬೆಟಗೇರಿಯ ಅವಳ ಮನೆಯಲ್ಲಿ ಯಾರೂ "ಹೋಗ್ತೇನಿ" ಎನ್ನುವಂತಿಲ್ಲ. ಅಂದವರನ್ನು ಒಳಗೆ ಕರೆದು, ಕೂರಿಸಿ, ನೀರು ಕೊಟ್ಟು, "ಬರ್ತೇನಿ" ಅನ್ನಿಸಿಯೇ ಕಳಿಸುತ್ತಾಳೆ. ಕರೆಂಟಿನ ಮೀಟರ್ ನೋಡಲು ಬಂದವನನ್ನೂ ಬಿಡಲಿಲ್ಲ. ಮುಂದಿನ ತಿಂಗಳು ಅವನು ಮತ್ತೆ ಬಂದಾಗ, "ನೋಡಿದ್ರೇನು, ಅಂದಂಗ ಬಂದಾನ" ಎಂದು ನಮ್ಮತ್ತ ತಿರುಗಿ ನಕ್ಕಳು.

ನಾನು ಎಂಟನೇ ತರಗತಿ ಮುಗಿಸಿದ ಬೇಸಿಗೆ ರಜೆಯಲ್ಲಿ ಅದೇ ಮನೆಯಲ್ಲಿ, ದೊಡ್ಡಪ್ಪನ ಮಗಳು ಗಿರಿಜಕ್ಕನ ಹಳೆಯ ಕಂಪ್ಯೂಟರಿನಲ್ಲಿ ಒಂದು ಆಟವಿತ್ತು. ಮಾಟಗಾರರು, ರೆಕ್ಕೆಯಿರುವ ಹಾವುಗಳು, ಕಲ್ಲಿನ ಕೋಟೆ ಇವೆಲ್ಲ ಇರುವಂಥದ್ದು. ನಾವು ಆಡಿಸುವ ನಾಯಕನ ಜೊತೆ, ದಾರಿ ತೋರಿಸಲೆಂದು ಕಪ್ಪು ನಿಲುವಂಗಿಯ ಒಬ್ಬ ನಡೆಯುತ್ತಿದ್ದ. ಅವನ ಇಂಗ್ಲಿಷ್ ಹೆಸರು ನಮ್ಮ ಬಾಯಲ್ಲಿ ಹೊರಳಲಿಲ್ಲ. ಹಿಂದೆ ಕೂತು ಶೇಂಗಾ ಸುಲಿಯುತ್ತಿದ್ದ ಆಯಿ ಅವನಿಗೆ ಕರೇ ಕಂಬಳ್ಯಾಂವ ಎಂದು ಹೆಸರಿಟ್ಟಳು.

ಅವನ ತಮ್ಮ ವೈರಿಯ ಕೋಟೆಯಲ್ಲಿ ಸೆರೆಯಾಗಿದ್ದ. ತಮ್ಮನನ್ನು ಬಿಡಿಸಿಕೊಳ್ಳುವ ಆಸೆಗೆ ಇವನು ನಮ್ಮ ಗುಟ್ಟುಗಳನ್ನು ವೈರಿಗೆ ಮುಟ್ಟಿಸುತ್ತಿದ್ದ. ಅದರಿಂದ ನಮಗೆ ಗಾಯವಾದರೆ ತಾನೇ ಬಂದು ಪಟ್ಟಿ ಕಟ್ಟುತ್ತಿದ್ದ. ನನಗೆ ಅವನನ್ನು ಕಂಡರೆ ಮೈ ಉರಿಯುತ್ತಿತ್ತು. ನೋಟ್‌ಬುಕ್ಕಿನಲ್ಲಿ ಲೆಕ್ಕ ಇಟ್ಟಿದ್ದೆ: ಸುಳ್ಳು ಹದಿನಾಲ್ಕು, ಉಪಕಾರ ಒಂಬತ್ತು. ಆಯಿಗೆ ಓದಿ ಹೇಳಿದೆ.

"ಎಣಸಾಕ ಅವೇನ್ ಸಗಣಿ ಕುಳ್ಳೇನಲೇ?" ಎಂದಳು. "ಪಟ್ಟಿ ಕಟ್ಟೂ ಮುಂದ ಅವನ ಮಾರಿ ನೋಡು."

ಅವನ ಮಾರಿ ಪರದೆಯ ಮೇಲೆ ಹೆಬ್ಬೆರಳಿನ ಉಗುರಿನಷ್ಟಿತ್ತು. ಎಷ್ಟು ಹತ್ತಿರ ಹೋಗಿ ನೋಡಿದರೂ ನನಗೆ ಎರಡು ಚುಕ್ಕೆ, ಒಂದು ಗೆರೆ ಮಾತ್ರ ಕಂಡವು.

ಒಂದು ಮಧ್ಯಾಹ್ನ, ಕೋಟೆ ಇನ್ನು ಮೂರು ದಿನದ ದಾರಿ ಎನ್ನುವಾಗ, ಅವನು ಎದ್ದು "ಐ ಮಸ್ಟ್ ಗೋ" ಎಂದು ಕಾಡಿನೊಳಗೆ ನಡೆದುಬಿಟ್ಟ. ನಮ್ಮ ನಕಾಶೆಯೂ ಅವನ ಜೊತೆ ಹೋಯಿತು.

"ಏನಂದ?" ಎಂದಳು ಆಯಿ.

ಆಟದ ಮಾತನ್ನೆಲ್ಲ ಅವಳಿಗೆ ಕನ್ನಡದಲ್ಲಿ ಹೇಳುವ ಕೆಲಸ ನನ್ನದು. ಆದರೆ ಆ ಮನೆಯಲ್ಲಿ ಕೂತು "ಹೋಗ್ತೇನಿ" ಎನ್ನಲು ನಾಲಿಗೆ ಏಳಲಿಲ್ಲ. "ಬರ್ತೇನಿ ಅಂದ" ಎಂದೆ.

"ಹಂಗಾದ್ರ ಅಂವ ಬರೂ ತನಕ ಕುಂಡ್ರಿ."

ಕೂರುವುದೆಂದರೆ ಸುಮ್ಮನೆ ಅಲ್ಲ ನೋಡಿ. ಆ ಆಟದಲ್ಲಿ ಬೆಂಕಿಯ ಮುಂದೆ ಒಮ್ಮೆ ಕೂತರೆ ಒಂದು ದಿನ ಕಳೆಯುತ್ತದೆ, ಒಂದು ಬುತ್ತಿ ತೀರುತ್ತದೆ. ಹಳೆಯ ದಾಖಲೆ ಅಳಿಸಿ ಹೊಸದು ಬೀಳುತ್ತದೆ, ಹಿಂದಕ್ಕೆ ಹೋಗುವಂತಿಲ್ಲ. ನಮ್ಮ ಹತ್ತಿರ ಆರು ಬುತ್ತಿ ಇದ್ದವು. ಕೋಟೆ ಮುಟ್ಟಲು ಮೂರು ಬೇಕು. ಉಪವಾಸ ಬಿದ್ದು ನಾಯಕ ಸತ್ತರೆ ನಲವತ್ತೊಂದು ತಾಸಿನ ಆಟ ಮಣ್ಣುಪಾಲು.

ಮೂರು ದಿನ ಕೂತೆವು. ಅವನು ಬರಲಿಲ್ಲ. ಉಳಿದದ್ದು ಮೂರೇ ಬುತ್ತಿ.

ಗಿರಿಜಕ್ಕ ನನ್ನ ಕಿವಿ ಹಿಂಡಿ ಪಿಸುಗುಟ್ಟಿದಳು: "ಅಂವ ಗೋ ಅಂದಾನಲೇ. ಬರ್ತೇನಿ ಅಂತ ಯಾವಾಗ ಅಂದ? ಖರೆ ಹೇಳು ಆಯಿಗೆ, ಎದ್ದು ಹೋಗೂಣು."

ಹೇಳಬೇಕೆಂದು ತಿರುಗಿದೆ. ಆಯಿ ಶೇಂಗಾ ಬಿಟ್ಟು ಪರದೆಯನ್ನೇ ನೋಡುತ್ತಿದ್ದಳು. "ಇನ್ನೊಂದ ದಿನ" ಎಂದಳು. ನಾನು ಮತ್ತೆ ಪರದೆಯತ್ತ ತಿರುಗಿ ಗುಂಡಿ ಒತ್ತಿದೆ.

ಬಂದ. ಕುಂಟುತ್ತಾ, ಹರಿದ ಕಂಬಳಿಯಲ್ಲಿ, ತಮ್ಮನನ್ನು ಬೆನ್ನಿಗೆ ಹೊತ್ತುಕೊಂಡು ಬಂದ. ನಮ್ಮ ನಕಾಶೆಯನ್ನು ಬೆಂಕಿಯ ಪಕ್ಕದಲ್ಲಿಟ್ಟ. ಕೋಟೆಯ ಉಗ್ರಾಣದಿಂದ ಕದ್ದ ಐದು ಬುತ್ತಿಗಳನ್ನೂ ಇಟ್ಟ. ಗಿರಿಜಕ್ಕ ಕುರ್ಚಿ ಹತ್ತಿ ಕುಣಿದಳು, ನಾನು ಶೇಂಗಾ ಬುಟ್ಟಿಯೊಳಗೇ ಬಿದ್ದೆ. ಆಯಿ ಒಬ್ಬಳೇ ಸಮಾಧಾನದಿಂದ ಪರದೆಗೆ ಹೇಳಿದಳು: "ಬಂದ್ಯಾ? ಕೈಕಾಲ್ ತೊಳ್ಕೊ."

ಅವತ್ತು ನೋಟ್‌ಬುಕ್ ತೆರೆದು ಪೇಚಿಗೆ ಬಿದ್ದೆ. ಅವನು ಬರುತ್ತೇನೆ ಎಂದಿರಲೇ ಇಲ್ಲ. ಮಾತು ಕೊಟ್ಟವನು ನಾನು, ಉಳಿಸಿದವನು ಅವನು. ಇದನ್ನು ಯಾವ ಸಾಲಿಗೆ ಹಾಕಲಿ? ಮರುದಿನ ಆಟ ಮುಂದುವರಿಸಿ ಕೋಟೆ ಮುಟ್ಟಿದಾಗ, ಅದರ ಬಾಗಿಲಲ್ಲಿ ಅವನು ಮತ್ತೊಂದು ಸುಳ್ಳು ಹೇಳಿದ. ಹದಿನೈದನೇ ಗೆರೆ ಎಳೆದೆನಾದರೂ ಎಳೆಯುವಾಗ ನಗು ಬಂತು. ಆಮೇಲೆ ಇಂಥ ಹನ್ನೊಂದು ಆಟ ಆಡಿದ್ದೇನೆ. ನಾಯಕರ ಹೆಸರು ಒಂದೂ ನೆನಪಿಲ್ಲ. ಅವರ ಪಕ್ಕದಲ್ಲಿ ಅರ್ಧ ಮನಸ್ಸಿನಿಂದ ನಡೆದವರೆಲ್ಲ ನೆನಪಿದ್ದಾರೆ.

ಇಷ್ಟು ಬರೆದು, ಎಂಟೂ ಹತ್ತಕ್ಕೆ ಬೆಟಗೇರಿಗೆ ಫೋನ್ ಮಾಡಿದೆ.

"ಆಯಿ, ಕರೇ ಕಂಬಳ್ಯಾಂವ ನೆನಪದಾನೇನು?"

"ಆರಾಮ ಅದಾನೇನ?"

"ಅಂವ ಅವತ್ತ ಬರ್ತೇನಿ ಅಂದಿದ್ದಿಲ್ಲ. ಹೋಗ್ತೇನಿ ಅಂದಿದ್ದ. ನಾನ ಸುಳ್ಳ ಹೇಳಿದ್ದೆ."

ಆ ಕಡೆಯಿಂದ ಕೆಮ್ಮು ಬರುವಷ್ಟು ನಗು.

"ಗೋ ಅಂದ್ರ ಹೋಗು ಅಂತ ನನಗ ಗೊತ್ತಿಲ್ಲೇನಲೇ? ನಿಮ್ಮಪ್ಪ ಸಾಲಿ ಕಲಿಯೂ ಮುಂದ ಕಮ್, ಗೋ ಅಂತ ದಿನಾ ಒದರಾಂವ."

"ಮತ್ಯಾಕ ಕುಂಡ್ರಿಸಿದಿ?"

"ಪಟ್ಟಿ ಕಟ್ಟಾಂವ ಎಲ್ಲಿ ಹೋಗ್ತಾನ, ಬರ್ತಾನ ಅನಸ್ತು. ನೀನೂ ಬಾಯಿಬಿಟ್ಟು ಹೇಳ್ತಿ ಅಂತ ಕುಂತಿದ್ದೆ. ಅಂವ ನಾಕ ದಿನಕ್ಕ ಬಂದ. ನೀ ಭಾಳ ವರ್ಷ ತಗೊಂಡಿ."

ಫೋನ್ ಇಟ್ಟು ಕೋಣೆಯಲ್ಲಿ ಒಬ್ಬನೇ ನಕ್ಕೆ. ಹಳೆಯ ಲೆಕ್ಕಕ್ಕೆ ನನ್ನ ಹೆಸರಿನದೂ ಒಂದು ಸಾಲು ಸೇರಿಸಿದೆ: ಸುಳ್ಳು ಒಂದು.

ಇನ್ನೊಂದು ಮಾತು. ಲಕ್ಷ್ಮೇಶ್ವರದ ಗೆಳೆಯನೂ ಇದೇ ಆಟ ಆಡಿದ್ದಾನಂತೆ. ಕಂಬಳ್ಯಾಂವ ಬರಲೇ ಇಲ್ಲ ಎನ್ನುತ್ತಾನೆ. ಈ ಗೆಳೆಯ ಒಂದು ದಿನವೂ ಕಾಯದೆ ಕೋಟೆಗೆ ನಡೆದಿದ್ದ. ನಿಮ್ಮಲ್ಲಿ ಯಾರಾದರೂ ಆ ಬೆಂಕಿಯ ಮುಂದೆ ಕೂತಿದ್ದರೆ, ಕಂಬಳ್ಯಾಂವ ಎಷ್ಟನೇ ದಿನ ಬಂದ, ಆಗ ಬುತ್ತಿ ಎಷ್ಟು ಉಳಿದಿತ್ತು ಎಂದು ದಯವಿಟ್ಟು ಬರೆದು ತಿಳಿಸಿ. ನನ್ನ ಹತ್ತಿರ ಇರುವುದು ಒಂದೇ ಸಲದ ಲೆಕ್ಕ. ಆಯಿಯನ್ನು ಕೇಳೋಣವೆಂದರೆ ಅವಳು ಎಣಿಸುವವಳಲ್ಲ.