ಯಂತ್ರ ಓದದ ಸಾಲುಗಳ ಕಾಗುಣಿತ

ಎರಡು ಸಾವಿರದ ಇಸವಿ ದಾಟಿದ ಮೇಲಿನ ವರ್ಷಗಳವು. ನಾನು ಹೊಳೆನರಸೀಪುರದ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತಿದ್ದೆ. ನನ್ನ ತಂಗಿ ಹಾಸನದ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಕಂಪ್ಯೂಟರ್ ಲೆಕ್ಚರರ್. ಅರಕಲಗೂಡು ಕಡೆಯ ಬೇಸಾಯದ ಮನೆಯಲ್ಲಿ ಹುಟ್ಟಿದವರು ನಾವು; ಹೊರಗೆ ಎಷ್ಟೇ ಶುದ್ಧವಾಗಿ ಮಾತಾಡಿದರೂ ಇಬ್ಬರೇ ಕೂತಾಗ ನಾಲಿಗೆ ತಾನಾಗಿ ಊರಿಗೆ ಹೊರಟುಬಿಡುತ್ತಿತ್ತು. ಶನಿವಾರ ಬೆಳಗಿನ ಶಾಲೆ ಮುಗಿಸಿ ರೈಲು ಹತ್ತಿದರೆ ಊಟದ ಹೊತ್ತಿಗೆ ಅವಳ ಮನೆ ಸೇರುತ್ತಿದ್ದೆ.

ಅಂಥ ಒಂದು ಶನಿವಾರ ಅವಳು ಒಳಗೆ ಕಾಫಿ ಸೋಸುತ್ತಿದ್ದಳು. ಮೇಜಿನ ಮೇಲೆ ಒಂದು ಕಂತೆ ಪ್ರಿಂಟೌಟ್ ಇತ್ತು. ಯಾರು ಬೇಕಾದರೂ ತೆರೆದು ನೋಡಬಹುದಾದ ಒಂದು ಆಪರೇಟಿಂಗ್ ಸಿಸ್ಟಂನ ಪ್ರೋಗ್ರಾಂ ಅದು. ಆವರಣಗಳು, ಅರ್ಧವಿರಾಮಗಳು, ಅರ್ಥವಾಗದ ತುಂಡುಪದಗಳು. ಆದರೆ ನಡುನಡುವೆ ನೇರವಾದ ಇಂಗ್ಲಿಷ್ ವಾಕ್ಯಗಳೂ ಇದ್ದವು. ಅವನ್ನು ಕಮೆಂಟು ಅನ್ನುತ್ತಾರಂತೆ. ಯಂತ್ರ ಅವನ್ನು ಓದುವುದಿಲ್ಲ. ಮುಂದೆ ಈ ಪ್ರೋಗ್ರಾಮನ್ನು ತೆರೆಯುವ ಮನುಷ್ಯರಿಗಾಗಿ ಬರೆದಿಟ್ಟ ವಿವರಣೆ. ನನಗೆ ಅರ್ಥವಾಗುತ್ತಿದ್ದುದು ಅಷ್ಟೇ, ಹಾಗಾಗಿ ಅಷ್ಟನ್ನೇ ಓದಿದೆ. ಮೊದಲ ಹಾಳೆಯಲ್ಲೇ ‘ರಿಸೀವ್’ ಪದದ ಇ ಮತ್ತು ಐ ಜಾಗ ಬದಲಿಸಿಕೊಂಡು ಕೂತಿದ್ದವು. ‘ಸೆಪರೇಟ್’ನ ನಡುವಿನ ಎ ಇರಬೇಕಾದ ಕಡೆ ಇ. ನನ್ನ ಕೈ ತಾನಾಗಿ ಚೀಲದಲ್ಲಿದ್ದ ಕೆಂಪು ಪೆನ್ನು ಹುಡುಕಿತು.

ತಂಗಿ ಲೋಟ ಹಿಡಿದು ಬಂದವಳು ನಿಂತೇಬಿಟ್ಟಳು. “ಅಕ್ಕ, ಅದು ಸೋಮವಾರ ಕ್ಲಾಸಲ್ಲಿ ಅಂಚಕ್ಕೆ ಇಟ್ಟಿರದು ಕಣಕ್ಕ.”

“ಯಾವನೇ ಬರ್ದಿರೋನು? ರಿಸೀವ್ ಅಂತ ಬರಿಯಕ್ ಬರಲ್ವಲ್ಲ.”

“ದೊಡ್ಡ ಮನುಷ್ಯ ಕಣಕ್ಕ ಅವ್ನು. ಪ್ರಪಂಚದಲ್ಲೆಲ್ಲ ಅವನ ಪ್ರೋಗ್ರಾಂ ಓಡ್ತಾ ಐತೆ.”

“ಓಡ್ಲಿ ಬಿಡು. ನನ್ ಒಂಬತ್ತನೇ ಕ್ಲಾಸಿನ ಹುಡ್ಗೀರೇ ವಾಸಿ.”

ಅವಳು ನಕ್ಕು, ಹಾಳೆಗಳನ್ನು ತಿರುವಿ ನೋಡಿದಳು. ಆಮೇಲೆ ಯೋಚಿಸುವವಳಂತೆ, “ಇದನ್ನ ಯಾರ್ ಬೇಕಾದ್ರೂ ತಿದ್ದಿ ಕಳಿಸಬೋದು. ಕಳ್ಸಾನ?” ಎಂದಳು.

ಆ ಸಂಜೆಯೇ ಕೂತೆವು. ನಾನು ಹೇಳುತ್ತಾ ಹೋದೆ, ಅವಳು ಕೀಲಿ ಒತ್ತುತ್ತಾ ಹೋದಳು. ಹಳೆಯ ಸಾಲಿನ ಮುಂದೆ ಕಳೆಯುವ ಗುರುತು, ಹೊಸ ಸಾಲಿನ ಮುಂದೆ ಕೂಡುವ ಗುರುತು ಹಾಕಿ, ಅದನ್ನೆಲ್ಲ ಇಮೇಲಿನಲ್ಲಿ ಕಳಿಸಬೇಕು. ನಾನು ಉತ್ಸಾಹದಲ್ಲಿ ‘ಕಲರ್’ ಪದಕ್ಕೆ ಒಂದು ಯು ಹಾಕಿಸಿದೆ, ಒಂದೆರಡು ವಾಕ್ಯಗಳನ್ನು ಇನ್ನಷ್ಟು ಚೆಂದ ಮಾಡಿಸಿದೆ.

ಮುಂದಿನ ವಾರ ಹೋದಾಗ ಆ ಪ್ರೋಗ್ರಾಂ ನೋಡಿಕೊಳ್ಳುವವರಿಂದ ಉತ್ತರ ಬಂದಿತ್ತು. ವಂದನೆಗಳು, ಆದರೆ ಹೀಗೆ ಸ್ವೀಕರಿಸಲಾಗದು. ಅಮೆರಿಕದ ಕಾಗುಣಿತವೂ ಬ್ರಿಟನ್ನಿನದೂ ನಮಗೆ ಒಂದೇ, ಅವನ್ನು ಮುಟ್ಟಬೇಡಿ. ಶೈಲಿ ಬರೆದವರಿಗೆ ಬಿಡಿ. ನಿಜವಾದ ತಪ್ಪುಗಳನ್ನಷ್ಟೇ ಮತ್ತೆ ಕಳಿಸಿ. ತಂಗಿ ಓದಿ ಹೇಳುತ್ತಿದ್ದ ಹಾಗೇ ನನಗೆ ನಗು ತಡೆಯಲಾಗಲಿಲ್ಲ. ಇಷ್ಟು ವರ್ಷ ಹುಡುಗಿಯರಿಗೆ ‘ಮತ್ತೆ ಬರೆದು ತಾ’ ಎಂದವಳಿಗೆ ಯಾವುದೋ ದೇಶದಿಂದ ಅದೇ ಮಾತು ಬಂದಿತ್ತು. ಮತ್ತೆ ಬರೆದೆವು.

ಅದು ಒಪ್ಪಿಗೆಯಾದ ದಿನ ತಂಗಿ ಶಾಲೆಗೇ ಫೋನು ಮಾಡಿದಳು. ಹೆಡ್‌ಮಾಸ್ತರು ಕರೆಸಿದರು. ರಿಸೀವರ್ ಕಿವಿಗಿಟ್ಟರೆ, “ಅಕ್ಕ, ಒಳಿಕ್ ತಗಂಡ್ರು ಕಣಕ್ಕ” ಎಂದು ಒಂದೇ ಸಮ ಹೇಳುತ್ತಿದ್ದಾಳೆ. ನಾನೂ ಏನೇನೋ ಕೂಗಿಕೊಂಡಿರಬೇಕು.

“ಏನ್ ಮೇಡಂ, ಮನೇಲಿ ಮಗು ಆಯ್ತಾ?” ಎಂದರು ಹೆಡ್‌ಮಾಸ್ತರು.

“ಇಲ್ಲ ಸಾ, ಸ್ಪೆಲಿಂಗ್ ಸರಿ ಆಯ್ತು.”

ಅವರಿಗೆ ತಲೆಬುಡ ತಿಳಿಯಲಿಲ್ಲ. ಆದರೂ ನಾನು ಬೇಕರಿಯಿಂದ ತರಿಸಿದ ದಿಲ್‌ಪಸಂದನ್ನು ಎಲ್ಲರಿಗಿಂತ ಮೊದಲು ತೆಗೆದುಕೊಂಡರು.

ಅಲ್ಲಿಂದ ಶನಿವಾರವೆಂದರೆ ನಮಗೆ ಅದೇ ಕೆಲಸ. ಅವರೆಕಾಯಿ ಕಾಲದಲ್ಲಿ ಒಂದು ಮಧ್ಯಾಹ್ನ ಇಬ್ಬರೂ ನೆನೆಸಿದ ಅವರೆಕಾಳು ಹಿದುಕುತ್ತಾ ಕೂತಿದ್ದೆವು. ಹಾಳೆ ನನ್ನ ಪಕ್ಕದಲ್ಲಿತ್ತು. ಅದರಲ್ಲೊಂದು ಕಮೆಂಟು: ‘ಈ ಮೆಮೊರಿಯನ್ನು ಈಗ ಇಲ್ಲಿ ಬಿಟ್ಟುಕೊಡಲಾಗುತ್ತದೆ. ಆದ್ದರಿಂದ ಕೇಳಿ ಪಡೆದವರೇ ಅದನ್ನು ಬಿಟ್ಟುಕೊಡಬೇಕು.’ ಕಾಗುಣಿತದಲ್ಲಿ ಒಂದು ತಪ್ಪೂ ಇಲ್ಲ. ಆದರೆ ಆ ‘ಆದ್ದರಿಂದ’ ಹಿಂದಿನ ಮಾತಿಗೆ ಕೂಡಿಬರಲಿಲ್ಲ.

“ಒಂದ್ಸಲ ಬಿಟ್ಟಾದ್ ಮೇಲೆ ಇನ್ನೊಬ್ರು ಯಾಕೆ ಬಿಡ್ಬೇಕೇ?” ಎಂದೆ. “ಈಗ ಅನ್ನೋ ಈ ‘ನೌ’ ಅಲ್ಲ, ‘ನಾಟ್’ ಇರ್ಬೇಕು, ಕೊನೇ ಡಬ್ಲ್ಯು ಜಾಗದಲ್ಲಿ ಟಿ. ‘ಇಲ್ಲಿ ಬಿಟ್ಕೊಡಲ್ಲ, ಆದ್ರಿಂದ ಅವ್ರೇ ಬಿಡ್ಬೇಕು’ ಅಂದ್ರೆ ಸರಿಯೋಯ್ತದೆ.”

ತಂಗಿ ಕೈ ಒರೆಸಿಕೊಂಡು ಹಾಳೆ ಎಳೆದುಕೊಂಡಳು. “ತಡಿ, ಕೋಡಲ್ಲಿ ಏನೈತೆ ನೋಡಾನ.” ನನಗೆ ಕಾಣದ ದಾರಿಯಲ್ಲಿ ಅವಳ ಬೆರಳು ಸಾಲಿನಿಂದ ಸಾಲಿಗೆ ಹೋಯಿತು, ಕಂಪ್ಯೂಟರಿನಲ್ಲಿ ಇನ್ನೆರಡು ಫೈಲು ತೆರೆದಳು. ನಾನು ಉಳಿದ ಕಾಳನ್ನೆಲ್ಲ ಒಬ್ಬಳೇ ಹಿದುಕಿ ಮುಗಿಸಿದೆ. ಕೊನೆಗೆ ಅವಳು ತಿರುಗಿ, “ಇಲ್ಲಿ ಬಿಡ್ತಾ ಇಲ್ಲ ಕಣಕ್ಕ. ನೀನಂದಿದ್ದೇ ಸರಿ” ಎಂದಳು. ಆ ಸಂಜೆಯ ಸಾರಿಗೆ ಅವಳು ಉಪ್ಪು ಹಾಕಿದಳು, ನಾನೂ ಹಾಕಿದೆ. ನಗುನಗುತ್ತಲೇ ಉಂಡೆವು.

ಆದರೆ ಅರ್ಥವನ್ನೇ ಬದಲಿಸುವ ತಿದ್ದುಪಡಿಯನ್ನು ನಾವೇ ಮಾಡುವುದು ಬೇಡವೆನಿಸಿತು. ಆ ಫೈಲು ಬರೆದವರನ್ನೇ ಇಮೇಲಿನಲ್ಲಿ ಕೇಳಿದೆವು. ಸ್ವಲ್ಪ ದಿನ ಸದ್ದಿಲ್ಲ. ಆಮೇಲೆ ಉದ್ದದ ಉತ್ತರ ಬಂತು. ಅದು ‘ನಾಟ್’ ಎಂದೇ ಇರಬೇಕಿತ್ತು; ಹಿಂದೊಮ್ಮೆ ತನ್ನದೇ ಈ ಮಾತನ್ನು ನಂಬಿ ತಾನೇ ದಾರಿ ತಪ್ಪಿದ್ದುಂಟು, ಯಾಕೆಂದು ಇವತ್ತು ಗೊತ್ತಾಯಿತು ಎಂದು ಬರೆದಿದ್ದರು. ಇಂಗ್ಲಿಷ್ ತನ್ನ ಭಾಷೆಯಲ್ಲ, ಶಾಲೆಯಲ್ಲಿ ಕಷ್ಟಪಟ್ಟು ಕಲಿತದ್ದು, ಇನ್ನೊಂದು ಫೈಲಿದೆ, ಬಿಡುವಾದರೆ ಓದುತ್ತೀರಾ ಎಂದೂ ಕೇಳಿದ್ದರು. ಆ ಕಾಗದದಲ್ಲೂ ಕಾಗುಣಿತ ಮುಗ್ಗರಿಸಿತ್ತು. ಪೆನ್ನು ತೆಗೆಯಲು ಮನಸ್ಸಾಗಲಿಲ್ಲ. ನನಗೂ ಅದು ಮನೆಯ ಮಾತಲ್ಲ, ಹೊಲ ದಾಟಿ ಶಾಲೆಗೆ ನಡೆದು ಕಲಿತದ್ದು ಎಂದು ತಂಗಿಯ ಕೈಲಿ ಉತ್ತರ ಬರೆಸಿದೆ. ಇಷ್ಟು ದೂರದಲ್ಲಿ ನನ್ನಂಥವರೇ ಒಬ್ಬರಿದ್ದಾರೆಂದು ಹಿಗ್ಗಾಯಿತು.

ಮುಂದೆ ಆ ಆಪರೇಟಿಂಗ್ ಸಿಸ್ಟಂನ ಹೊಸ ಆವೃತ್ತಿಯ ಸಿಡಿ ಹಿಡಿದು ತಂಗಿ ನಮ್ಮ ಶಾಲೆಗೇ ಬಂದಳು. ಸರ್ಕಾರ ಕೊಟ್ಟ ಕಂಪ್ಯೂಟರುಗಳ ಕೋಣೆಯಲ್ಲಿ ಹತ್ತನೇ ತರಗತಿಯವರು ಸುತ್ತ ನೆರೆದರು. ಅವಳು ಹುಡುಕಿ ಆ ಸಾಲನ್ನು ತೆರೆಯ ಮೇಲೆ ತಂದಳು.

“ಮಿಸ್, ಇದನ್ನ ನೀವ್ ಬರೆದಿದ್ದಾ?” ಎಂದಳೊಬ್ಬಳು.

“ಎಲ್ಲಾ ಅಲ್ಲಮ್ಮ. ಆ ಟಿ ಐತಲ್ಲ, ಅದೊಂದು.”

ಹುಡುಗಿಯರು ಆ ಒಂದು ಅಕ್ಷರವನ್ನು ಬಗ್ಗಿ ಬಗ್ಗಿ ನೋಡಿದರು. ತಂಗಿ ಪುಟವನ್ನು ಕೆಳಕ್ಕೆ ಸರಿಸುತ್ತಿದ್ದಳು. ಕಿಟಕಿ ಪಕ್ಕ ನಿಂತಿದ್ದವಳು, “ಮೇಡಂ, ನಿಲ್ಸಿ, ನಿಲ್ಸಿ. ನಡೀತು ಅನ್ನೋ ‘ಅಕರ್ಡ್’ಗೆ ಎರಡು ಆರ್ ಅಲ್ವಾ?” ಎಂದಳು. ಅಲ್ಲಿ ಒಂದೇ ಇತ್ತು. ಊಟದ ಗಂಟೆ ಹೊಡೆಯಿತು. ಯಾರೂ ಕದಲಲಿಲ್ಲ, ಇನ್ನೊಬ್ಬಳು ಆಗಲೇ ತೆರೆಗೆ ಮೂಗು ತಾಗಿಸಿ ಮುಂದಿನ ಸಾಲು ಓದುತ್ತಿದ್ದಳು.