ಗೋಡೆಯ ಮೇಲಿನ ಎರಡು ಕಣ್ಣು

ಇವತ್ತು ಪರದೇಶದ ಗಾಲ್ವೇ ಊರಿನ ನಮ್ಮ ಫ್ಲ್ಯಾಟಿನಲ್ಲಿ ನಾನು ಹಾಕಿದ ಒಗ್ಗರಣೆಯ ಮೆಣಸಿನಕಾಯಿ ಸೀದು ಫೈರ್ ಅಲಾರಂ ಹೊಡೆದುಕೊಂಡಿತು. ಇಡೀ ಬಿಲ್ಡಿಂಗಿನ ಜನ ಕೆಮ್ಮುತ್ತಾ ಕಾರ್ ಪಾರ್ಕಿಗೆ ಇಳಿದರು. ಆ ಘಾಟು ಮೂಗಿಗೆ ಹತ್ತಿದ್ದೇ ತಡ, ನಾನು ದಾವಣಗೆರೆಯ ನಮ್ಮ ಬಾಡಿಗೆ ಮನೆಯಲ್ಲಿದ್ದೆ.

ತಮ್ಮ ಆಗ ತೊಟ್ಟಿಲ ಕೂಸು. ಬೆಳಗಿನಿಂದ ಒಂದೇ ಸಮ ಅಳುತ್ತಿದ್ದ. ತೊಟ್ಟಿಲ ಮೇಲಿನ ಗೋಡೆಗೆ ಅಂಗೈಯಗಲದ ಕಂದು ಪತಂಗವೊಂದು ಅಂಟಿಕೊಂಡು ಕೂತಿತ್ತು. ಎರಡು ರೆಕ್ಕೆಗೂ ಒಂದೊಂದು ದುಂಡು ಕಣ್ಣು, ಕಪ್ಪು ಗುಡ್ಡೆ, ಸುತ್ತ ಹಳದಿ ಉಂಗುರ. ಯಾವ ಮೂಲೆಯಲ್ಲಿ ನಿಂತರೂ ನಮ್ಮನ್ನೇ ನೋಡುತ್ತಿತ್ತು. ಅವು ಹಕ್ಕಿಗಳನ್ನು ಹೆದರಿಸಲು ಇರುವ ಬರೀ ಗುರುತುಗಳು ಅಂತೆ. ನಮ್ಮ ಮನೆಯಲ್ಲಿ ಹೆದರಿದ್ದು ಅಪ್ಪ. ಪೇಪರ್ ಸುತ್ತಿಕೊಂಡು ಬಾಗಿಲಾಚೆಯಿಂದಲೇ ಬೀಸುತ್ತಿದ್ದರು.

“ಇದರದ್ದೇ ದೃಷ್ಟಿ!” ಎಂದರು ಅಜ್ಜಿ. ಉಪ್ಪು, ಒಣಮೆಣಸಿನಕಾಯಿ ಹಿಡಿದು ಮಗುವಿಗೆ ನಿವಾಳಿಸಿ ಕೆಂಡಕ್ಕೆ ಹಾಕಿದರು. ನಿಜವಾಗಿ ದೃಷ್ಟಿ ತಗುಲಿದ್ದರೆ ಮೆಣಸಿನಕಾಯಿ ಸುಟ್ಟರೂ ಘಾಟು ಬರುವುದಿಲ್ಲ ಎಂಬುದು ಅವರ ನಂಬಿಕೆ. ಬಂತು ನೋಡಿ ಘಾಟು! ಮಗುವನ್ನೆತ್ತಿಕೊಂಡು ಎಲ್ಲರೂ ಬೀದಿಗೆ ಓಡಿದೆವು. ಒಳಗೆ ಪತಂಗ ಕದಲಲೇ ಇಲ್ಲ.

ಅಜ್ಜಿ ಕೆಮ್ಮುತ್ತಾ ತೀರ್ಪು ಕೊಟ್ಟರು: “ಪಾಪ, ಅದರದ್ದೇನೂ ತಪ್ಪಿಲ್ಲ ಕಣ್ರೋ. ಒಳ್ಳೆ ಹುಳ. ಇರ್ಲಿ ಬಿಡಿ.” ಅಷ್ಟರಲ್ಲಿ ಬೀದಿಯ ಗಾಳಿಗೆ ತಮ್ಮ ನಿದ್ದೆ ಹೋಗಿದ್ದ.

ಇವತ್ತು ಇಲ್ಲಿ ಕಾರ್ ಪಾರ್ಕಿನಲ್ಲಿ ಪಕ್ಕದ ಫ್ಲ್ಯಾಟಿನ ಅಜ್ಜಿ ಕಣ್ಣೊರೆಸಿಕೊಳ್ಳುತ್ತಾ, ಎಲ್ಲಾ ಸರಿಯಿದೆಯಾ ಎಂದು ಈ ಊರಿನ ಮಾತಿನಲ್ಲಿ ಕೇಳಿದರು, “ಆಲ್ ಗ್ರ್ಯಾಂಡ್?”

“ಗ್ರ್ಯಾಂಡ್,” ಎಂದೆ. ನಮ್ಮಜ್ಜಿಯ ಲೆಕ್ಕದಲ್ಲಿ, ಇಷ್ಟು ಘಾಟು ಬಂತು ಎಂದಮೇಲೆ ನಮ್ಮ ಮೇಲೆ ಯಾರ ಕಣ್ಣೂ ಬಿದ್ದಿಲ್ಲವೆಂದೇ ಅರ್ಥ. ಆದರೆ ಆ ಹೊತ್ತಿಗೆ ಇಡೀ ಬಿಲ್ಡಿಂಗು ಆ ಪತಂಗದ ಹಾಗೆ ನನ್ನನ್ನೇ ನೋಡುತ್ತಿತ್ತು.