ಗುಂಡ್ಲುಪೇಟೆಯ ಬಾಡಿಗೆ ಕೋಣೆಯಲ್ಲಿ ಒಂದು ಕಾಲೇಜು

ಸಂಜೆ ಆರರ ಸುಮಾರು. ಗುಂಡ್ಲುಪೇಟೆಯಿಂದ ಕಾಡಂಚಿನ ಹಳ್ಳಿಯೊಂದಕ್ಕೆ ಹೊರಟಿದ್ದ ನಮ್ಮ ಬಸ್ಸು ನಡುರಸ್ತೆಯಲ್ಲಿ ನಿಂತುಬಿಟ್ಟಿತು. ಡ್ರೈವರ್ ಎಂಜಿನ್ ಆರಿಸಿದರು, ದೀಪವನ್ನೂ ಆರಿಸಿದರು. ಅಲ್ಲಿಯವರೆಗೆ ಬಸ್ಸಿನ ಸದ್ದನ್ನೂ ಮೀರಿಸಿ ಮಾತಾಡುತ್ತಿದ್ದ ಜನ ಒಮ್ಮೆಲೇ ಸುಮ್ಮನಾದರು. ಆ ರೂಟಿಗೆ ನಾನು ಕಂಡಕ್ಟರಾಗಿ ಬಂದು ಅದು ಮೂರನೇ ದಿನ. ಏನಾಯಿತೆಂದು ಕೇಳಲು ಬಾಯಿ ತೆರೆದೆ. ಮುಂದಿನ ಸೀಟಿನಲ್ಲಿದ್ದ ಮುದುಕಿ ನನ್ನ ಮುಂಗೈ ಹಿಡಿದು ಪಿಸುಗುಟ್ಟಿದಳು.

"ಸದ್ದು ಮಾಡ್ಬ್ಯಾಡ ಕಣವ್ವ. ಅದೆ."

"ಏನ್ ಐತ್ರಿ?"

ನಮ್ಮ ಕಡೆಯ 'ಐತಿ' ಇಲ್ಲಿ 'ಅದೆ'. ಅಷ್ಟು ಆಗಲೇ ಕಲಿತಿದ್ದೆ. ಆದರೆ ಏನು ಅದೆ ಎಂದು ಯಾರೂ ಹೇಳಲಿಲ್ಲ. ಮುಂದಿನ ಗಾಜಿನಾಚೆ ರಸ್ತೆಬದಿಯ ಪೊದೆ ಅಲ್ಲಾಡಿತು. ಪೊದೆ ಎಂದುಕೊಂಡಿದ್ದುದಕ್ಕೆ ಕಿವಿಗಳಿದ್ದವು. ಆನೆ ರಸ್ತೆ ದಾಟಿ ಹೋಗಲು ಎಷ್ಟು ಹೊತ್ತಾಯಿತೋ ತಿಳಿಯದು. ಟಿಕೆಟ್ ಯಂತ್ರವನ್ನು ಎದೆಗೆ ಅವಚಿಕೊಂಡು ನಿಂತಿದ್ದೆ. ಬಸ್ಸು ಹೊರಟ ಮೇಲೆ ಜನ ಬಿಟ್ಟ ಮಾತನ್ನು ಬಿಟ್ಟಲ್ಲಿಂದಲೇ ಎತ್ತಿಕೊಂಡರು. ನಾನು ಮಾತ್ರ ಮುಂದಿನ ಟಿಕೆಟ್ಟಿಗೆ ಊರಿನ ಹೆಸರನ್ನೇ ತಪ್ಪು ಒತ್ತಿದೆ.

ನಾನು ಗದಗ ಜಿಲ್ಲೆಯ ರೋಣದ ಕಡೆಯವಳು. ಕಪ್ಪು ಮಣ್ಣಿನ ನಮ್ಮ ಹೊಲಗಳಲ್ಲಿ ಜೋಳ ಕೊಯ್ದ ಮೇಲೆ ಒಂದು ನಾಯಿ ಓಡಿದರೂ ಮೈಲಿಯಾಚೆಗೆ ಕಾಣುತ್ತದೆ. ಕಾಣದೆ ನಿಂತಿರುವ ಪ್ರಾಣಿಗೆ ಹೆದರುವುದು ನಮಗೆ ಗೊತ್ತಿಲ್ಲದ ಕಲೆ. ಪಿಯುಸಿ ಮುಗಿಸಿದವಳಿಗೆ ಕಂಡಕ್ಟರ್ ನೌಕರಿ ಸಿಕ್ಕಿದಾಗ ಮನೆಯಲ್ಲಿ ಸಕ್ಕರೆ ಹಂಚಿದರು. ಪೋಸ್ಟಿಂಗ್ ಗುಂಡ್ಲುಪೇಟೆ ಎಂದು ತಿಳಿದ ದಿನ ಗಂಡ ಬಸವರಾಜ ಫೋನಿನಲ್ಲಿ ನಕ್ಷೆ ತೆಗೆದು, ಬೆರಳಿನಿಂದ ಎಳೆಯುತ್ತ ಎಳೆಯುತ್ತ ರಾಜ್ಯದ ತುದಿಗೆ ಹೋದ. "ಇದರಾಚೆ ಕೇರಳ ಐತಿ, ತಮಿಳುನಾಡು ಐತಿ. ಇನ್ನೂ ದೂರ ಹಾಕೂದಕ್ಕ ಜಾಗಾ ಇದ್ದಿಲ್ಲೇನೋ" ಎಂದ. ಅವನದು ರೋಣದಲ್ಲಿ ಟ್ರ್ಯಾಕ್ಟರ್ ರಿಪೇರಿ ಕೆಲಸ. ಮಗಳು ಸೃಷ್ಟಿ ನಮ್ಮವ್ವನ ಹತ್ತಿರ ಉಳಿದಳು. ಆಗ ಅವಳಿಗೆ ಐದು ವರ್ಷ.

ಇಲ್ಲಿ ಒಂದು ಕೋಣೆ ಸಿಕ್ಕಿತು. ಮನೆಯೊಡತಿ ಪುಟ್ಟತಾಯಮ್ಮ ಅರವತ್ತರ ಹೆಂಗಸು, ಬೆಳಗಾದರೆ ಚೆಂಡುಹೂ ಕೀಳಲು ಹೊಲಕ್ಕೆ ಹೋಗುವವರು. ಕೇರಳಕ್ಕೆ ಹೋಗುವ ಹೂವಿನ ಲಾರಿಗಳ ಸಹವಾಸದಿಂದ ಅವರ ಮಾತಿನಲ್ಲಿ ಅಲ್ಲೊಂದು ಇಲ್ಲೊಂದು ಮಲಯಾಳದ ಪದವೂ ಇಣುಕುತ್ತದೆ. ಮೊದಲ ದಿನ ಬಾಗಿಲಲ್ಲಿ ನಿಂತವಳಿಗೆ "ವಸಿ ತಡಿ ಕಣವ್ವ" ಎಂದರು. ವಸಿ ಎಂಬ ಹೆಸರಿನವರು ಯಾರೋ ಒಳಗಿದ್ದಾರೆ, ಅವರನ್ನು ತಡೆಯಬೇಕು ಎಂದುಕೊಂಡು ಒಳಗೆ ಇಣುಕಿದೆ. ವಸಿ ಎಂದರೆ ಸ್ವಲ್ಪ ಎಂದು ತಿಳಿದಾಗ ಅವರೂ ನಕ್ಕರು, ನಾನೂ ನಕ್ಕೆ. ಅಂದು ರಾತ್ರಿ ಮುದ್ದೆ ಇಟ್ಟರು. ರೊಟ್ಟಿ ತಿನ್ನುವ ಹಲ್ಲಿಗೆ ಮುದ್ದೆ ಎಂದರೆ ಏನು ಮಾಡಬೇಕೆಂದೇ ತೋಚದು. "ಅಗೀಬ್ಯಾಡ, ನುಂಗ್ಬುಡು" ಎಂದು ಪುಟ್ಟತಾಯಮ್ಮ ಎದುರು ಕುಳಿತು ಕಲಿಸಿದರು. ಈಗ ಸೊಪ್ಪಿನ ಸಾರಿದ್ದರೆ ಎರಡು ನುಂಗುತ್ತೇನೆ. ಆದರೆ ಜೋಳದ ರೊಟ್ಟಿ ಬಡಿಯುವ ಸದ್ದು ಕೇಳದೆ ಬೆಳಗಾಗುವುದು ಇವತ್ತಿಗೂ ಒಗ್ಗಿಲ್ಲ.

ಊರಿಗೆ ಹತ್ತಿರ ಹೋಗಲು ನನಗಿದ್ದದ್ದು ಒಂದೇ ದಾರಿ. ಡಿಗ್ರಿ ಇದ್ದರೆ ಗುಮಾಸ್ತೆ ಹುದ್ದೆಯ ಪರೀಕ್ಷೆ ಬರೆಯಬಹುದು, ಅದೃಷ್ಟವಿದ್ದರೆ ನಮ್ಮ ಜಿಲ್ಲೆಯಲ್ಲೇ ಕುರ್ಚಿ ಸಿಗಬಹುದು. ಆದರೆ ಒಂದು ವಾರ ಬೆಳಗಿನ ಪಾಳಿ, ಇನ್ನೊಂದು ವಾರ ಮಧ್ಯಾಹ್ನದ ಪಾಳಿ ಇರುವವಳನ್ನು ಯಾವ ಕಾಲೇಜು ಸೇರಿಸಿಕೊಳ್ಳುತ್ತದೆ? ಒಂದು ದಿನ ಫೋನಿನಲ್ಲಿ ಜಾಹೀರಾತು ಬಂತು. ಮನೆಯಲ್ಲೇ ಕುಳಿತು ಬಿ.ಎ. ಮಾಡಿ, ತರಗತಿ ಆನ್‌ಲೈನ್, ಪರೀಕ್ಷೆಯೂ ಆನ್‌ಲೈನ್. ನಂಬರು ಹಾಕಿದ ಅರ್ಧ ಗಂಟೆಯಲ್ಲಿ ಒಬ್ಬ ಹುಡುಗಿ ಕರೆ ಮಾಡಿದಳು. ಅವಳ ದನಿ ಜೇನಿನ ಹಾಗಿತ್ತು. "ಇವತ್ತೇ ಕೊನೆಯ ದಿನ ಮೇಡಂ" ಎಂದಳು. ಮರುದಿನವೂ ಅದೇ ಕೊನೆಯ ದಿನ. ಮೂರನೆಯ ದಿನವೂ. ಬಿಟ್ಟರೆ ಮಗಳ ಹತ್ತಿರ ಹೋಗುವ ದಾರಿಯೇ ಮುಚ್ಚಿಹೋದೀತು, ಹಿಡಿದರೆ ಮೋಸ ಹೋದೇನು.

ನಮ್ಮ ಬಸ್ಸು ಹಗಲಿನಲ್ಲಿ ಚಾಮರಾಜನಗರಕ್ಕೂ ಹೋಗುತ್ತದೆ. ಅಲ್ಲಿನ ನಿಲ್ದಾಣದಲ್ಲಿ ನಿಂತಿದ್ದಾಗ ಅದನ್ನು ನಮ್ಮ ಡ್ರೈವರ್ ಮಾದೇವಸ್ವಾಮಿಯವರಿಗೆ ಹೇಳಿದೆ. ಅವರದು ಹರವೆಯ ಕಡೆಯ ಊರು, ಅಣ್ಣನ ಹಾಗೆ ನಡೆಸಿಕೊಳ್ಳುವ ಮನುಷ್ಯ.

"ನಮ್ ಅಕ್ಕನ್ ಮಗ್ಳೂ ಇಂಗೇ ಫೋನ್‌ನಲ್ಲೇ ಓದ್ಬುಟ್ಳು ಕಣವ್ವ" ಎಂದರು. "ಮೂರ್ ವರ್ಸ. ಕೆಲ್ಸಕ್ಕೆ ಅರ್ಜಿ ಹಾಕಾಕ್ ಹೋದ್ರೆ ಈ ಸರ್ಟಿಪಿಕೇಟು ನಡೆಯಾಕಿಲ್ಲ ಅಂದ್ಬುಟ್ರು. ಓದಿದ್ದೇನೋ ನಿಜ್ವೇ, ಕಾಗ್ದ ಮಾತ್ರ ಸುಳ್ಳು. ಆ ಹುಡ್ಗಿ ಇವತ್ತೂ ಯಾರ್ ಮುಂದೂ ಆ ಮಾತ್ ಎತ್ತಾಕಿಲ್ಲ. ನೀ ಮೊದ್ಲು ಯಾರ್ನಾದ್ರೂ ಓದಿರೋರ್ನ ಕೇಳು."

ಓದಿದವರು ಎಂದರೆ ನನಗೆ ಪರಿಚಯವಿದ್ದದ್ದು ಒಬ್ಬರೇ. ನಮ್ಮ ಬಸ್ಸಿನಲ್ಲಿ ದಿನವೂ ಚಾಮರಾಜನಗರಕ್ಕೆ ಹೋಗುವ ಕಾಲೇಜಿನ ಉಪನ್ಯಾಸಕಿ. ನನಗೆ ವಾರದ ರಜೆ ಇದ್ದ ದಿನ ಅವರನ್ನು ಕಾಲೇಜಿನಲ್ಲೇ ಹುಡುಕಿಕೊಂಡು ಹೋದೆ. ಯೂನಿಫಾರಂ ಇಲ್ಲದ ನನ್ನ ಗುರುತು ಅವರಿಗೆ ತಕ್ಷಣ ಸಿಗಲಿಲ್ಲ. ಸಿಕ್ಕ ಮೇಲೆ ಕುರ್ಚಿ ಎಳೆದು ಕೂರಿಸಿದರು. ಜಾಹೀರಾತಿನ ವಿಶ್ವವಿದ್ಯಾಲಯದ ಹೆಸರನ್ನು ಮಾನ್ಯತೆ ಪಡೆದವುಗಳ ಸರ್ಕಾರಿ ಪಟ್ಟಿಯಲ್ಲಿ ಹೇಗೆ ಹುಡುಕಬೇಕೆಂದು ಅವರ ಕಂಪ್ಯೂಟರಿನಲ್ಲಿ ತೋರಿಸಿದರು. ಹೆಸರಿತ್ತು. ನನ್ನ ಉಸಿರು ಹಗುರವಾಯಿತು. ಆದರೆ ಮೇಡಂ ಅಲ್ಲಿಗೇ ಬಿಡಲಿಲ್ಲ.

"ಕೋರ್ಸ್ ಸರಿಯಾಗಿದೆ, ಅದು ಗೊತ್ತಾಯಿತು. ಈಗ ನೀವು ಅದಕ್ಕೆ ಸರಿಯಾ ನೋಡಬೇಕು. ಯಾರೂ ಹೇಳದೆ ಇದ್ದರೆ ನೀವು ಪುಸ್ತಕ ತೆಗೀತೀರಾ?"

"ತೆಗಿತೀನ್ರಿ" ಎಂದೆ. ಹೇಳುವಾಗಲೇ ಅನುಮಾನ.

"ಹಾಗಾದರೆ ದುಡ್ಡು ಕಟ್ಟುವ ಮೊದಲು ಹದಿನಾಲ್ಕು ದಿನ ಬಿಟ್ಟಿ ತರಗತಿ ಕೊಡಿ ಅಂತ ಅವರನ್ನೇ ಕೇಳಿ. ದಿನಾ ಒಂದು ಗಂಟೆ ಕೂತ್ಕೊಳ್ಳಿ. ಕೂತ ದಿನ ಒಂದು ಗೀಟು, ಕೂರದ ದಿನ ಒಂದು ಸೊನ್ನೆ. ಸುಳ್ಳು ಬರೀಬೇಡಿ, ನೋಡೋರು ನೀವೊಬ್ಬರೇ."

ಜೇನುದನಿಯ ಹುಡುಗಿ ಒಪ್ಪಿದಳು. ಮೊದಲ ತರಗತಿಗೆ ಸೀರೆ ಉಟ್ಟು, ತಲೆ ಬಾಚಿ, ಫೋನನ್ನು ನೀರಿನ ಚೆಂಬಿಗೆ ಆನಿಸಿ ಕುಳಿತೆ. ಪರದೆಯ ತುಂಬ ಹೆಸರುಗಳು, ಚೌಕ ಚೌಕ. ಯಾರ ಮುಖವೂ ಇಲ್ಲ. ಎಲ್ಲೋ ದೂರದಿಂದ ಒಂದು ದನಿ ಅರ್ಥಶಾಸ್ತ್ರ ಹೇಳುತ್ತಿತ್ತು. ನಮ್ಮೂರ ಶಾಲೆಯಲ್ಲಿ ಮಗ್ಗಿ ತಪ್ಪಿದರೆ ಮಾಸ್ತರರ ಕಣ್ಣು ನೇರ ನನ್ನ ಮೇಲೆ ಬೀಳುತ್ತಿತ್ತು, ಅದಕ್ಕೆ ಹೆದರಿಯೇ ನಾನು ಕಲಿತವಳು. ಇಲ್ಲಿ ಯಾವ ಕಣ್ಣೂ ಇಲ್ಲ. ಅರ್ಧದಲ್ಲಿ ಸಿಗ್ನಲ್ ಹೋಯಿತು. ಫೋನ್ ಹಿಡಿದು ತಾರಸಿಗೆ ಓಡಿದೆ, ನೀರಿನ ಟ್ಯಾಂಕಿನ ಪಕ್ಕ ಮತ್ತೆ ಸಿಕ್ಕಿತು. ಅಷ್ಟರಲ್ಲಿ ಪಾಠ ಮುಗಿದಿತ್ತು. ನಾನು ಹೋದದ್ದು ಯಾರಿಗೂ ತಿಳಿದಿರಲಿಲ್ಲ, ಬಂದದ್ದೂ ತಿಳಿಯಲಿಲ್ಲ.

ಆನೆಯ ಭಯ ಬೇರೆ, ಈ ಭಯ ಬೇರೆ. ಅಲ್ಲಿ ಐವತ್ತು ಜನ ನನ್ನ ಜೊತೆಗೆ ಹೆದರಿದ್ದರು. ಇಲ್ಲಿ ನಾನು ಓದು ಬಿಟ್ಟುಬಿಟ್ಟರೂ ಜಗತ್ತಿನಲ್ಲಿ ಒಂದು ಎಲೆಯೂ ಅಲ್ಲಾಡುವುದಿಲ್ಲ.

ಹದಿಮೂರನೆಯ ದಿನಕ್ಕೆ ನೋಟ್‌ಬುಕ್ಕಿನಲ್ಲಿ ಐದು ಗೀಟು, ಎಂಟು ಸೊನ್ನೆ ಇದ್ದವು. ಪಾಳಿ ಮುಗಿಸಿ ಬಂದವಳು ಗೋಡೆಗೆ ಒರಗಿದರೆ ನಿದ್ದೆ. ಕೊನೆಯ ದಿನ ಮಾದರಿ ಪರೀಕ್ಷೆ ಇತ್ತು. ಮನೆಯಲ್ಲೇ ಕುಳಿತು ಬರೆಯಬೇಕು, ಫೋನಿನ ಕ್ಯಾಮೆರಾ ನೋಡುತ್ತಿರುತ್ತದೆ, ಕಣ್ಣು ಆಚೀಚೆ ಹೊರಳಬಾರದು, ಇನ್ನೊಬ್ಬರ ಮುಖ ಕಾಣಬಾರದು. ಎಂಟನೇ ಪ್ರಶ್ನೆಯಲ್ಲಿದ್ದೆ. ಹಿಂದಿನಿಂದ ಬಾಗಿಲು ಸರಿಯಿತು. ಪರದೆ ಕೆಂಪಾಯಿತು. ಕೋಣೆಯಲ್ಲಿ ಬೇರೊಬ್ಬರಿದ್ದಾರೆ ಎಂಬ ಎಚ್ಚರಿಕೆ. ಆಮೇಲೆ ಪರೀಕ್ಷೆಯೇ ಮುಚ್ಚಿಹೋಯಿತು.

"ಯಾಕ್ ಬಂದ್ರಿ ಒಳಗ? ಹೇಳಿ ಬರಾಕ ಆಗೂದಿಲ್ಲೇನು?" ಎಂದು ಕಿರುಚಿದೆ.

ಪುಟ್ಟತಾಯಮ್ಮ ಕಾಫಿ ಲೋಟ ಹಿಡಿದು ನಿಂತಿದ್ದರು. ಲೋಟವನ್ನು ಹೊಸ್ತಿಲ ಮೇಲಿಟ್ಟು ಹೋದರು. ಬರೀ ಮಾದರಿ ಪರೀಕ್ಷೆ ಅದು, ಅಂಕವೂ ಇಲ್ಲ, ಲೆಕ್ಕವೂ ಇಲ್ಲ. ಅಷ್ಟಕ್ಕಾಗಿ ಈ ಊರಲ್ಲಿ ಉಂಡೆಯಾ ಎಂದು ಕೇಳುವ ಒಂದೇ ಜೀವದ ಮೇಲೆ ಕಿರುಚಿದ್ದೆ. ಮಗಳ ಹತ್ತಿರ ಹೋಗಲೆಂದು ಹಿಡಿದ ದಾರಿ ನನ್ನನ್ನು ಎಂಥವಳನ್ನಾಗಿ ಮಾಡುತ್ತಿದೆ ಎಂದು ದಿಗಿಲಾಯಿತು.

ಹಿತ್ತಲಿಗೆ ಹೋದೆ. ಅವರು ಅವರೆಕಾಯಿ ಬಿಡಿಸುತ್ತಿದ್ದರು.

"ತಪ್ಪಾತ್ರಿ ಅಮ್ಮ."

"ಬುಡು" ಎಂದರು, ತಲೆ ಎತ್ತದೆ. ಒಂದು ಹಿಡಿ ಕಾಯಿ ನನ್ನ ಕಡೆ ಸರಿಸಿ ಕೇಳಿದರು, "ಆ ಪೋನ್ ಒಳ್ಗೆ ಯಾರವ್ರೆ? ನಿನ್ ಮೊಕ ನೋಡಿ ನಂಗೇ ಎದ್ರಿಕೆ ಆಯ್ತು."

"ಯಾರೂ ಇಲ್ರಿ."

"ಯಾರೂ ಇಲ್ದೆ ಅಷ್ಟೊಂದ್ ಎದ್ರುಕಂಡ್ಯಾ?"

ನನಗೆ ಅಳು ಬಂತು. ಪಕ್ಕದಲ್ಲಿ ಕುಳಿತು ಕಾಯಿ ಬಿಡಿಸುತ್ತ ಎಲ್ಲವನ್ನೂ ಹೇಳಿದೆ. ಗೀಟು, ಸೊನ್ನೆ, ಸಿಗ್ನಲ್ಲು, ಕೊನೆಯ ದಿನ ಕೊನೆಯ ದಿನ ಎನ್ನುವ ಹುಡುಗಿ, ಸೃಷ್ಟಿ. ಒಬ್ಬಳೇ ಕೂರಲು ನನ್ನಿಂದ ಆಗುತ್ತಿಲ್ಲ ಎಂಬುದನ್ನು ಮೊದಲ ಸಲ ಬಾಯಿಬಿಟ್ಟು ಹೇಳಿದ್ದು ಅವತ್ತೇ.

ಅವರು ಯೋಚಿಸಿ ಹೇಳಿದರು. "ಪರೀಕ್ಸೆಲಿ ಕುಂತ್ಕಳಾದು ಬ್ಯಾಡ, ಸರಿ. ನೀ ಓದೋವಾಗ ನಾ ಪಕ್ಕದಲ್ ಕುಂತ್ರೆ ಅದ್ಕೂ ಆ ಪೋನು ಬಯ್ತದಾ?"

ಮರುದಿನ ಮೇಡಂಗೆ ನೋಟ್‌ಬುಕ್ಕು ತೋರಿಸಿದೆ. ಸೊನ್ನೆಗಳನ್ನು ನೋಡಿ ಬೈಯುತ್ತಾರೆಂದುಕೊಂಡಿದ್ದೆ. "ಒಳ್ಳೇದಾಯ್ತು, ನಿಜ ಬರೆದಿದ್ದೀರಿ" ಎಂದರು. ಕ್ಯಾಮೆರಾ ಪರೀಕ್ಷೆಯ ಕೋರ್ಸು ನನಗಲ್ಲ ಎಂದು ಅಲ್ಲೇ ತೀರ್ಮಾನವಾಯಿತು. ಮಾನ್ಯತೆ ಇರುವ ಇನ್ನೊಂದನ್ನು ಹುಡುಕಿದೆವು. ಅದರಲ್ಲಿ ಪಾಠಗಳು ಧ್ವನಿಮುದ್ರಿತ, ಯಾವಾಗ ಬೇಕಾದರೂ ಕೇಳಬಹುದು, ಸಿಗ್ನಲ್ ಇರುವಾಗ ಇಳಿಸಿಟ್ಟುಕೊಳ್ಳಬಹುದು. ತಿಂಗಳಿಗೊಂದು ಭಾನುವಾರ ಚಾಮರಾಜನಗರದಲ್ಲಿ ಎದುರುಬದುರು ತರಗತಿ. ಪರೀಕ್ಷೆಯೂ ಅಲ್ಲೇ, ಬೆಂಚಿನ ಮೇಲೆ ಕುಳಿತು ಪೆನ್ನಿನಲ್ಲಿ. ಜೇನುದನಿಯ ಹುಡುಗಿಗೆ ಬೇಡವೆಂದು ಹೇಳಿದೆ. ಅವಳು ಅಲ್ಲಿಗೇ ಕರೆ ಕತ್ತರಿಸಿದಳು. ಅವಳ ಕೆಲಸವೂ ಕಷ್ಟದ್ದೇ ಇರಬೇಕು.

ಅವತ್ತಿನಿಂದ ಪಾಳಿ ಯಾವುದೇ ಇರಲಿ, ನಾನು ಬಂದು ಕೈಕಾಲು ತೊಳೆದರೆ ಪುಟ್ಟತಾಯಮ್ಮ ತಮ್ಮ ಕೆಲಸ ಎತ್ತಿಕೊಂಡು ಕೋಣೆಗೆ ಬರುತ್ತಿದ್ದರು. ಒಂದು ದಿನ ಸೊಪ್ಪು, ಒಂದು ದಿನ ಅವರೆಕಾಯಿ. ಫೋನು ಪಾಠ ಹೇಳುವುದು, ಅವರು ಕೇಳಿಸಿಕೊಳ್ಳುವರು. ನಾನು ತೂಕಡಿಸಿದರೆ ಮೊಣಕೈಯಿಂದ ತಿವಿಯುವರು. ಬೇಡಿಕೆ, ಪೂರೈಕೆಯ ಪಾಠದ ದಿನ ತಾವೇ ಮಾತಾಡಿದರು. "ಇದ್ನ ಏಳ್ಕೊಡಾಕ್ ಕಾಲೇಜ್ ಬೇಕಾ? ಓಣಂ ಮುಗುದ್ ಮಾರ್ನೇ ದಿನ ಚೆಂಡುಹೂವ ಬೀದೀಲ್ ಸುರೀತಾರೆ, ಬಂದ್ ನೋಡು ಅಂತ ಏಳು ಆ ಮೇಷ್ಟ್ರಿಗೆ." ಆ ಮಾತನ್ನೇ ನನ್ನ ಭಾಷೆಯಲ್ಲಿ ಪರೀಕ್ಷೆಯಲ್ಲಿ ಬರೆದೆ.

ಪರೀಕ್ಷೆಯ ಬೆಳಗ್ಗೆ ಮಾದೇವಸ್ವಾಮಿಯವರ ಬಸ್ಸಿನಲ್ಲೇ ಪ್ರಯಾಣಿಕಳಾಗಿ ಹೋದೆ. ನನಗಿಂತ ಹತ್ತು ಹನ್ನೆರಡು ವರ್ಷ ಚಿಕ್ಕವರ ನಡುವೆ ಕುಳಿತೆ. ಪ್ರಶ್ನೆಪತ್ರಿಕೆ ತಿರುಗಿಸಲು ಧೈರ್ಯ ಬರಲಿಲ್ಲ. ಮೇಲ್ವಿಚಾರಕರು ಹತ್ತಿರ ಬಂದು, "ಬರೀರಮ್ಮ, ಟೈಮ್ ಓಡ್ತಾ ಇದೆ" ಎಂದು ನನ್ನ ಕಣ್ಣು ನೋಡಿ ಹೇಳಿದರು. ಒಬ್ಬ ಮನುಷ್ಯನ ಕಣ್ಣು. ಪೆನ್ನು ಓಡಿತು.

ಐದು ವಿಷಯಗಳಲ್ಲಿ ನಾಲ್ಕು ಪಾಸು. ಇಂಗ್ಲಿಷ್ ಹೋಯಿತು. ಪುಟ್ಟತಾಯಮ್ಮ, "ನಾಕ್ ಬಂತಲ್ಲ, ಒಂದ್ ಬತ್ತದೆ ಬುಡು ಕಣಮ್ಮಿ" ಎಂದು ಬೆಲ್ಲ ಕೊಟ್ಟರು. ಕಣಮ್ಮಿ ಎಂದು ಇಲ್ಲಿ ಮನೆಯ ಹೆಣ್ಣುಮಕ್ಕಳಿಗೆ ಅನ್ನುತ್ತಾರೆ. ನನಗೆ ಅವರು ಹಾಗೆ ಅಂದದ್ದು ಅದೇ ಮೊದಲು.

ಆನ್‌ಲೈನ್ ಓದು ನಮಗೆ ಆಗುತ್ತದೋ ಇಲ್ಲವೋ ಎಂದು ಊರಿನ ಹುಡುಗಿಯರು ಈಗ ನನ್ನನ್ನು ಕೇಳುತ್ತಾರೆ. ಕೋರ್ಸಿನ ಕಾಗದ ನಿಜವೇ ಎಂದು ನೋಡಿ, ಆಮೇಲೆ ಹದಿನಾಲ್ಕು ದಿನ ನಿಮ್ಮನ್ನೇ ನೋಡಿಕೊಳ್ಳಿ ಎನ್ನುತ್ತೇನೆ. ಒಬ್ಬರೇ ಕೂರಬಲ್ಲವರಿಗೆ ಅದು ವರ. ಕೂರಲಾಗದವರು ಪಕ್ಕದಲ್ಲಿ ಕೂರಲು ಒಬ್ಬರನ್ನು ಹುಡುಕಿಕೊಳ್ಳಬೇಕು. ಹೇಳುವಾಗ ನನ್ನ ದನಿ ಗಟ್ಟಿಯಾಗಿಯೇ ಇರುತ್ತದೆ. ಒಳಗಿನ ಹೆದರಿಕೆ ಮಾತ್ರ ಹೋಗಿಲ್ಲ, ಮಗ್ಗುಲು ಬದಲಿಸಿದೆ. ಮೊದಲು ಡಿಗ್ರಿ ಮುಗಿಯದೆ ಹೋದರೆ ಎಂದು ಹೆದರುತ್ತಿದ್ದೆ. ಈಗ ಮುಗಿದು ಇಲ್ಲಿಂದ ಹೊರಡುವ ದಿನ ಬಂದರೆ ಏನು ಮಾಡಲಿ ಎಂದೂ ಹೆದರುತ್ತೇನೆ.

ಕಳೆದ ಸಲ ರಜೆ ಹಾಕಿ ಊರಿಗೆ ಹೋಗಿದ್ದೆ. ವಾಪಸು ಹೊರಡುವ ದಿನ ಅವ್ವ, ಬಸವರಾಜ, ಸೃಷ್ಟಿ ಮೂವರೂ ರೋಣದ ಬಸ್ ನಿಲ್ದಾಣಕ್ಕೆ ಬಂದರು. ಸೃಷ್ಟಿಗೆ ಈಗ ಎಂಟು. ಕಿಟಕಿಯ ಕೆಳಗೆ ನಿಂತು ನನ್ನ ಬೆರಳು ಹಿಡಿದಿದ್ದಳು. ಕಂಡಕ್ಟರ್ ಬಂದು ಕೇಳಿದ.

"ಎಲ್ಲಿಗ್ರಿ ಅಕ್ಕಾರ?"

"ಊರಿಗ್ರಿ" ಎಂದುಬಿಟ್ಟೆ.

"ಯಾವ ಊರಿಗ್ರಿ?"

ಇನ್ನೊಂದು ಕೈಯಿಂದ ಚೀಲದಲ್ಲಿ ದುಡ್ಡು ಹುಡುಕತೊಡಗಿದೆ. ಕೆಳಗೆ ಬೆರಳಿನ ಹಿಡಿತ ಸಡಿಲವಾಯಿತು.

"ಅವ್ವ" ಎಂದಳು ಸೃಷ್ಟಿ, "ನಮ್ಮೂರು ಇದ ಅಲ್ಲೇನು?"